ಸಿಂಗಾಪುರದಲ್ಲೊಂದು ಹರತಾಳ

ಹನ್ನೊಂದನೇ ಮಹಡಿ

ಆ ಭಾನುವಾರವೂ ಎಂದಿನಂತೆ ಐದಕ್ಕೆ ಎದ್ದೆ. ಕಾಸರಗೋಡಿನ ಹತ್ತಿರದ ನಮ್ಮ ಬೋವಿಕಾನದಲ್ಲಾದರೆ ಆ ಹೊತ್ತಿಗೆ ಮಸೀದಿಯ ಬಾಂಗು ಕೇಳಿ ಎಚ್ಚರವಾಗುತ್ತದೆ. ಇಲ್ಲಿ ನನ್ನನ್ನು ಎಬ್ಬಿಸುವುದು ಪಕ್ಕದ ಮನೆಯ ರೊಕಿಯಾ ಅಜ್ಜಿಯ ಚಪ್ಪಲಿ ಸದ್ದು. ಅವರು ಮಲಾಯ್ ಜನಾಂಗದವರು, ಎಪ್ಪತ್ತು ದಾಟಿದವರು. ಬೆಳಕು ಹರಿಯುವ ಮೊದಲೇ ಎಲ್ಲ ಮನೆಗಳಿಗೂ ಸೇರಿದ ಉದ್ದ ಜಗಲಿಯಲ್ಲಿ ತಮ್ಮ ಕುಂಡಗಳಿಗೆ ನೀರು ಹಾಕುತ್ತಾರೆ. ಮೊದಲು ಮಣ್ಣಿಗೆ ಬೆರಳು ಚುಚ್ಚಿ ನೋಡುವುದು, ತೇವ ಇದ್ದರೆ ಆ ಕುಂಡ ಬಿಟ್ಟು ಮುಂದಿನದ್ದಕ್ಕೆ. ಒಂದು ಹನಿ ನೀರು ಸುಮ್ಮನೆ ಹೋಗಲಿಕ್ಕಿಲ್ಲ.

ತಂಗಿ ಶಶಿಯ ಕಾಲಿನ ಕೆಳಗಿನ ದಿಂಬು ಜಾರಿತ್ತು, ಸರಿ ಮಾಡಿದೆ. ಅವಳು ಬಚ್ಚಲಲ್ಲಿ ಬಿದ್ದು ಪಾದದ ಎಲುಬು ಮುರಿದುಕೊಂಡದ್ದರಿಂದಲೇ 2018ರಲ್ಲಿ ನನಗೆ ಆರು ವಾರದ ಈ ಪ್ರವಾಸದ ಯೋಗ ಬಂದದ್ದು. ಊರು ನೋಡಲಿಕ್ಕೆಂದು ಬಂದವಳಲ್ಲ, ಗಂಜಿ ಬೇಯಿಸಲಿಕ್ಕೆ ಬಂದವಳು. ಹಾಗಾಗಿ ಸಿಂಗಾಪುರದ ಹೆಸರಾಂತ ಜಾಗಗಳು ಯಾವುದೂ ಈ ಬರಹದಲ್ಲಿ ಸಿಕ್ಕಲಿಕ್ಕಿಲ್ಲ.

ಆ ದಿನ ಬೆಳಿಗ್ಗೆ ಮಾತ್ರ ಗಂಜಿಯ ಜೊತೆಗೆ ಇನ್ನೊಂದು ಕೆಲಸವಿತ್ತು. ರವೆ ಹುರಿದು ಸಜ್ಜಿಗೆ, ಅಂದರೆ ಉಪ್ಪಿಟ್ಟು, ಮಾಡಿದೆ. ಅವಲಕ್ಕಿಗೆ ಕಾಯಿತುರಿ, ಮೆಣಸಿನ ಹುಡಿ, ಬೆಲ್ಲ ಕಲಸಿ ಬಜಿಲ್ ಮಾಡಿದೆ. ಎರಡನ್ನೂ ಸ್ಟೀಲಿನ ಡಬ್ಬಿಯಲ್ಲಿ ಒಂದರ ಮೇಲೊಂದು ಹಾಕಿದೆ. ಸಿಸ್ಟರ್ ಬೆನಿಟಾ ಅದನ್ನು ಹಾಗೆಯೇ ತಿನ್ನುತ್ತಿದ್ದರು, ಕೆಳಗೆ ಸಜ್ಜಿಗೆ, ಮೇಲೆ ಬಜಿಲ್.

ಸಿಸ್ಟರ್ ಬೆನಿಟಾ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹೊಲಿಗೆ ಕಲಿಸಿದವರು. ನಾನು ಒಂಬತ್ತನೇ ಕ್ಲಾಸಿನಲ್ಲಿರುವಾಗ ಅಮ್ಮ ಹಾಸಿಗೆ ಹಿಡಿದರು. ಶಶಿಗೆ ಆಗ ಮೂರು ವರ್ಷ. ಅವಳನ್ನು ನೋಡಿಕೊಳ್ಳಲಿಕ್ಕೆ ನಾನು ಶಾಲೆ ಬಿಡುವುದು ಎಂದು ಅಪ್ಪ ನಿಶ್ಚಯಿಸಿದರು. ನಾಲ್ಕನೇ ದಿನ ಸಿಸ್ಟರ್ ಬಸ್ಸು ಹತ್ತಿ ಹೊಸಂಗಡಿಯ ನಮ್ಮ ತವರು ಮನೆಗೆ ಬಂದರು. ಬೆಲ್ಲ ನೀರು ಕುಡಿದರು. ಅಪ್ಪನ ಹತ್ತಿರ ವಾದ ಮಾಡಲಿಲ್ಲ. "ನಾಳೆಯಿಂದ ಸಣ್ಣವಳನ್ನೂ ಕಳಿಸಿ" ಎಂದರು, ಅಷ್ಟೆ. ಆ ವರ್ಷವಿಡೀ ಶಶಿ ಹೊಲಿಗೆ ಕೋಣೆಯ ಮೇಜಿನ ಕೆಳಗೆ ಬಟ್ಟೆ ತುಂಡುಗಳ ಮೇಲೆ ನಿದ್ದೆ ಮಾಡಿದಳು, ನಾನು ಪಾಸಾದೆ. ಮರುವರ್ಷ ಸಿಸ್ಟರಿಗೆ ವರ್ಗವಾಯಿತು. ಅವರು ಹೊರಟ ದಿನ ನನಗೆ ಜ್ವರ. ಒಂದು ಥ್ಯಾಂಕ್ಸ್ ಹೇಳದೆ ಮೂವತ್ತೈದು ವರ್ಷ ಕಳೆದವಳು ನಾನು.

ಅವರು ಈಗ ಸಿಂಗಾಪುರದಲ್ಲಿ ಸಿಸ್ಟರುಗಳ ಒಂದು ಮಠದಲ್ಲಿ, ಅಂದರೆ ಕಾನ್ವೆಂಟಿನಲ್ಲಿ, ಇದ್ದಾರೆಂದು ಸಹಪಾಠಿಯೊಬ್ಬಳು ವಾಟ್ಸಾಪಿನಲ್ಲಿ ತಿಳಿಸಿದ್ದಳು. ಬಂದ ವಾರವೇ ಹೋಗಬೇಕಿತ್ತು. ಆದರೆ ಶಶಿಯ ಗಂಡ ದಿನೇಶ ನಮ್ಮ ಕಡೆಯ ಕುಂಬ್ಡಾಜೆಯವನು, ಅಜ್ಜನ ಕಾಲದಿಂದ ಜೀಪು ಇದ್ದ ಮನೆತನ. ಹೆಂಗಸರನ್ನು ಬಸ್ಸು ರೈಲಿಗೆ ಕಳಿಸುವುದು ಅವನಿಗೆ ಮರ್ಯಾದೆಯ ಪ್ರಶ್ನೆ. "ನೀವು ಯಾಕೆ ರೈಲಲ್ಲಿ ನೇತಾಡುವುದು ಅಕ್ಕ, ಭಾನುವಾರ ಕಂಪೆನಿ ವ್ಯಾನಿನಲ್ಲಿ ಗೇಟಿನ ಎದುರೇ ಬಿಡ್ತೇನೆ" ಎಂದ. ಅವನದ್ದು ಏಸಿ ರಿಪೇರಿಯ ಕಂಪೆನಿ. ಮೊದಲ ಭಾನುವಾರ ಯಾವುದೋ ಹೋಟೆಲಿನ ಏಸಿ ಕೆಟ್ಟಿತು, ವ್ಯಾನ್ ಅಲ್ಲಿಗೆ ಹೋಯಿತು. ಎರಡನೇ ಭಾನುವಾರ ವ್ಯಾನಿಗೇ ರಿಪೇರಿ. ಮೂರನೇ ಭಾನುವಾರ ಹೊರಟೆವು, ಮಠವನ್ನೂ ಕಂಡೆವು. ಆದರೆ ಆ ರಸ್ತೆಯಲ್ಲಿ ನಿಲ್ಲಿಸಲಿಕ್ಕೆ ಎಡೆಯಿರಲಿಲ್ಲ. ವ್ಯಾನಿಗೆ ಜಾಗ ಹುಡುಕುತ್ತ ಮಠಕ್ಕೆ ನಾಲ್ಕು ಪ್ರದಕ್ಷಿಣೆ ಬರುವಷ್ಟರಲ್ಲಿ ನೋಡಲು ಬಿಡುವ ಹೊತ್ತು ಮುಗಿಯಿತು. ಊರಿನಲ್ಲೂ ನಮ್ಮ ಯಜಮಾನರು ಕಾರಿನಲ್ಲಿ ಕರೆದುಕೊಂಡು ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ. ಕಾಯುವುದು ನನಗೆ ಅಭ್ಯಾಸ.

ನಾನು ಬರುವುದನ್ನು ಮಠಕ್ಕೆ ಮೊದಲೇ ತಿಳಿಸಿದ್ದೆ, ಶುಕ್ರವಾರ ಅಲ್ಲಿಂದ ಕಿರಿಯ ಸಿಸ್ಟರೊಬ್ಬರು ಫೋನ್ ಮಾಡಿದರು. ಸಿಸ್ಟರ್ ಬೆನಿಟಾರನ್ನು ಭಾನುವಾರ ಹತ್ತು ಗಂಟೆಗೆ ಮಲೇಷ್ಯಾದ ಮಲಾಕ್ಕಾದಲ್ಲಿರುವ ಮಠಕ್ಕೆ ಕಳಿಸುತ್ತಾರಂತೆ, ಇನ್ನು ಅಲ್ಲೇ ಇರುವುದಂತೆ. ಎಂಟಕ್ಕೆ ಬಂದರೆ ಒಟ್ಟಿಗೆ ತಿಂಡಿ ತಿನ್ನಬಹುದು ಎಂದರು. ದಿನೇಶನಿಗೆ ಶನಿವಾರ ಸಂಜೆಯಿಂದ ರಾತ್ರಿಯಿಡೀ ಊರಿನ ಆಚೆ ತುದಿಯಲ್ಲಿ ಕೆಲಸ. ಈ ಸಲ ರೈಲಿನಲ್ಲೇ ಹೋಗುತ್ತೇನೆ ಎಂದೆ. ರೊಕಿಯಾ ಅಜ್ಜಿಯ ಒಟ್ಟಿಗೆ ಎರಡು ಸಲ ಹೋಗಿದ್ದೆ, ಕಾರ್ಡು ಒತ್ತಲಿಕ್ಕೆ ಗೊತ್ತಿತ್ತು.

ಹೊರಡುವಾಗ ಶಶಿ ಅರೆನಿದ್ದೆಯಲ್ಲಿ ಹೇಳಿದಳು, "ಸಿಸ್ಟರಿಗೆ ಹೇಳು, ನಾನು ಈಗ ಮೇಜಿನ ಕೆಳಗೆ ಮಲಗುವುದಿಲ್ಲ ಅಂತ."

ಸ್ಟೇಷನ್ನಿನ ಶಟರ್

ಆರೂಕಾಲಕ್ಕೆ ಸ್ಟೇಷನ್ನಿನ ಎದುರು ನಿಂತಿದ್ದೆ. ಶಟರ್ ಎಳೆದಿತ್ತು.

ನನಗೆ ಒಂದು ಕ್ಷಣವೂ ಸಂಶಯ ಬರಲಿಲ್ಲ. ಹರತಾಳ.

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ಕಾಸರಗೋಡಿನವರಿಗೆ ಹರತಾಳವೆಂದರೆ ಮಳೆಯ ಹಾಗೆ. ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ, ಬಂದಿದೆಯಾ ಎಂದು ಮಾತ್ರ ನೋಡುತ್ತೇವೆ. ಬೆಳಿಗ್ಗೆ ಪೇಟೆಗೆ ಹೋದವರು ಶಟರ್ ನೋಡಿ ಅಲ್ಲಿಂದಲೇ ತಿರುಗುತ್ತಾರೆ, ಮನೆಗೆ ಬಂದು ಹಲಸಿನ ಬೀಜ ಸುಲಿಯುತ್ತಾರೆ. ಹಾಲು, ಪೇಪರು, ಆಸ್ಪತ್ರೆ, ಮದುವೆ, ಏರ್‌ಪೋರ್ಟ್, ಇಷ್ಟಕ್ಕೆ ವಿನಾಯಿತಿ. ಅಂಥ ಕಾರಿನ ಗಾಜಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರೆ ರಸ್ತೆಯಲ್ಲಿ ನಿಂತ ಕಾರ್ಯಕರ್ತರು ಬಿಡುತ್ತಾರೆ.

ಇಲ್ಲಿಯೂ ಕಾರ್ಯಕರ್ತರು ನಿಂತಿದ್ದರು. ಮಿಂಚುವ ಹಳದಿ ಕೋಟು ಹಾಕಿದ ನಾಲ್ಕು ಜನ, ಇಬ್ಬರ ಕೈಯಲ್ಲಿ ಬೋರ್ಡು. ಅವರಲ್ಲೊಬ್ಬ ನನ್ನನ್ನು ಕಂಡು "ಆಂಟೀ, ಆಂಟೀ" ಎಂದು ಕರೆಯುತ್ತ ಬಂದ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಮಾತಿಗೆ ನಿಲ್ಲಬಾರದು, ಓಡಬಾರದು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಲೆ ತಗ್ಗಿಸಿ ಹಿಂದೆ ತಿರುಗಿದೆ. ಅವನು ಪಾಪ, ರಸ್ತೆ ದಾಟುವವರೆಗೂ ಬೋರ್ಡು ಬೀಸುತ್ತ ಹಿಂಬಾಲಿಸಿದ. ಸಿಂಗಾಪುರದ ಪಾರ್ಟಿಯವರು ಎಷ್ಟು ಸಭ್ಯರು ಎಂದುಕೊಂಡೆ.

ಪುನಃ ಹನ್ನೊಂದನೇ ಮಹಡಿ

"ಶಶಿ, ಇವತ್ತು ಹರತಾಳ ಮಾರಾಯ್ತಿ."

ಹನ್ನೆರಡು ವರ್ಷ ಸಿಂಗಾಪುರದ ನೀರು ಕುಡಿದವಳು ಕಣ್ಣು ಬಿಡದೆ ಕೇಳಿದಳು, "ಯಾವ ಪಾರ್ಟಿಯದ್ದು?"

"ಗೊತ್ತಿಲ್ಲ. ಹಳದಿ ಕೋಟು ಹಾಕಿದ್ದಾರೆ."

"ಹಳದಿ ಯಾರದ್ದು..." ಎನ್ನುತ್ತ ಮಗ್ಗುಲಾದಳು.

ಅವಳು ಶಿಶುವಿಹಾರದ ಟೀಚರ್, ಮನೆ ತುಂಬ ಬಣ್ಣದ ಪೆನ್ನು. ಒಂದು ಡ್ರಾಯಿಂಗ್ ಹಾಳೆ ತೆಗೆದು ಕೂತೆ. ಟ್ಯಾಕ್ಸಿ ಮಾಡುವುದು, ಗಾಜಿಗೆ ಅಂಟಿಸಿಕೊಂಡು ಹೋಗುವುದು. ಆಸ್ಪತ್ರೆ ಎಂದು ಬರೆದರೆ ಸುಳ್ಳಾಗುತ್ತದೆ, ಅದೂ ಸಿಸ್ಟರನ್ನು ನೋಡಲಿಕ್ಕೆ ಹೋಗುವಾಗ. ಕೊನೆಗೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಕಾನ್ವೆಂಟ್ ಎಂದು ಬರೆದೆ. ಅದರ ಕೆಳಗೆ ಒಂದು ಶಿಲುಬೆ ಹಾಕಿದೆ, ನಾಲ್ಕೂ ಮೂಲೆಗೆ ಟೇಪು.

ತೆರೆದ ಬಾಗಿಲಲ್ಲಿ ರೊಕಿಯಾ ಅಜ್ಜಿ ನೀರಿನ ಪಾತ್ರೆ ಹಿಡಿದು ನೋಡುತ್ತಿದ್ದರು. ಎಂತ ಇದು ಎಂದು ಕೇಳಿದರು. ಅವರದ್ದು ಮುರುಕು ಇಂಗ್ಲಿಷ್, ನನ್ನದು ಕಾನ್ವೆಂಟಿನದು, ಆದರೂ ನಮಗೆ ಯಾವತ್ತೂ ಮಾತಿಗೆ ತೊಂದರೆಯಾದದ್ದಿಲ್ಲ. ನಾನು ಹೇಳಿದೆ. ಅವರು ಪಾತ್ರೆ ಕೆಳಗಿಟ್ಟು ಗೋಡೆ ಹಿಡಿದು ನಕ್ಕರು. ಆ ಸದ್ದಿಗೆ ಶಶಿ ಪೂರ್ತಿ ಎಚ್ಚರಾದಳು.

"ಅಕ್ಕ," ಎಂದಳು, "ನಾವು ಸಿಂಗಾಪುರದಲ್ಲಿದ್ದೇವೆ."

ಆಗ ತಿಳಿದದ್ದು ಇಷ್ಟು. ಹಳಿಯ ಕೆಲಸಕ್ಕಾಗಿ ಕೆಲವು ವಾರ ಶನಿವಾರ ರಾತ್ರಿ ರೈಲು ಬೇಗ ನಿಲ್ಲುತ್ತದೆ, ಭಾನುವಾರ ಬೆಳಿಗ್ಗೆ ತಡವಾಗಿ ಹೊರಡುತ್ತದೆ. ಅಲ್ಲಿಯವರೆಗೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಬಸ್ಸು. ಹಳದಿ ಕೋಟಿನವರು ಜನರನ್ನು ಆ ಬಸ್ಸಿಗೆ ಹತ್ತಿಸಲಿಕ್ಕೆ ನಿಂತವರು. ನಾಲ್ಕು ವಾರದಿಂದ ಮನೆಯಿಂದ ಹೊರಗೆ ಕಾಲಿಡದ ಶಶಿಗೂ ಇದು ಹೊಸತು.

"ಲಿಫ್ಟಿನ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ನೋಟೀಸು ಹಾಕಿ ಹದಿನೈದು ದಿನ ಆಯ್ತು," ಎಂದರು ಅಜ್ಜಿ. "ನೀನು ದಿನಾ ಅದರ ಎದುರು ನಿಂತು ಸೆರಗು ಸರಿ ಮಾಡ್ತಿ."

ನಿಜ. ಗಾಜಿನಲ್ಲಿ ನನ್ನ ಮುಖ ನೋಡಿದ್ದೆ, ಒಳಗಿನ ಕಾಗದ ಓದಿರಲಿಲ್ಲ. ಊರಿನಲ್ಲಿ ಅಂಥ ಕಾಗದ ಓದಿ ಯಾರಿಗೆ ಗೊತ್ತು? ನಮ್ಮಲ್ಲಿ ರೈಲು ಬಾರದಿದ್ದರೆ ಹೊಸಂಗಡಿ ರೈಲ್ವೇ ಗೇಟಿನಲ್ಲಿ ಕಾದು ನಿಂತ ಲಾರಿ ಡ್ರೈವರನೇ ನೋಟೀಸು. ಹದಿನೈದು ದಿನ ಮೊದಲು ಕ್ಷಮಿಸಿ ಎಂದು ಬರೆದು ಅಂಟಿಸುವ ಊರೊಂದು ಉಂಟೆಂದು ನಾನು ಎಣಿಸಿರಲಿಲ್ಲ.

ಶಶಿ ಫೋನಿನಲ್ಲಿ ಟ್ಯಾಕ್ಸಿ ಹುಡುಕಿದಳು. ಆ ಹೊತ್ತಿಗೆ ಎಲ್ಲರೂ ಅದನ್ನೇ ಹುಡುಕುತ್ತಿದ್ದರು, ಸಿಕ್ಕಲಿಲ್ಲ. ದಿನೇಶನಿಗೆ ಫೋನ್ ಮಾಡಿದಳು. ಅವನ ಸ್ವರ ನನಗೂ ಕೇಳುತ್ತಿತ್ತು. "ಅಕ್ಕನಿಗೆ ಅಲ್ಲೇ ಕೂರಲಿಕ್ಕೆ ಹೇಳು. ನಾನು ಹೊರಟೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು."

ಗಡಿಯಾರದಲ್ಲಿ ಏಳೂಕಾಲು. ಕುರ್ಚಿ ಅಲ್ಲೇ ಇತ್ತು. ಕೂತಿದ್ದರೆ ಬೋವಿಕಾನದ ಜಗಲಿಯಲ್ಲಿ ಕಾರಿನ ಹಾರ್ನಿಗೆ ಕಾಯುವ ಹಾಗೆಯೇ ಆಗುತ್ತಿತ್ತು. ಅವನು ಒಳ್ಳೆಯವನು, ಬಂದೇ ಬರುತ್ತಾನೆ. ಆದರೆ ಒಳ್ಳೆಯವನ ಮೂರು ಭಾನುವಾರ ಹೋಗಿತ್ತು, ಇನ್ನೊಂದು ಭಾನುವಾರ ಇರಲಿಲ್ಲ.

"ನಾನು ಬಸ್ಸಿನಲ್ಲಿ ಹೋಗ್ತೇನೆ ಅಂತ ಹೇಳು," ಎಂದು ಡಬ್ಬಿ ಎತ್ತಿಕೊಂಡೆ.

ಬಸ್ಸಿನ ಕಿಟಕಿ

ಅದೇ ಹಳದಿ ಕೋಟಿನವನು ಇನ್ನೂ ಅಲ್ಲೇ ಇದ್ದ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು, ತಪ್ಪಿಸಿಕೊಂಡ ಕೋಳಿಯೊಂದು ತಾನಾಗಿ ಗೂಡಿಗೆ ಬಂದ ಹಾಗೆ. ಸಾಲಿನಲ್ಲಿ ನಿಲ್ಲಿಸಿ, ಎಲ್ಲಿ ಇಳಿಯಬೇಕೆಂದು ಎರಡು ಸಲ ಹೇಳಿ, ಬಸ್ಸು ಹತ್ತುವಾಗ ಡಬ್ಬಿ ಹಿಡಿದುಕೊಂಡ.

ಬಸ್ಸಿನೊಳಗೆ ಮಾತಿಲ್ಲ. ನಮ್ಮಲ್ಲಿ ಕಂಡಕ್ಟರ್ ಬಾಗಿಲಿಗೆ ಹೊಡೆದು ಹೊಡೆದು ಊರನ್ನೇ ಎಬ್ಬಿಸುತ್ತಾನೆ. ಮುಂದೆ ಹೋಗಿ, ಮುಂದೆ ಹೋಗಿ ಎಂದು ನಮ್ಮನ್ನು ಡ್ರೈವರನ ಮಡಿಲಿಗೇ ಮುಟ್ಟಿಸುತ್ತಾನೆ. ಇಲ್ಲಿ ಕಂಡಕ್ಟರೇ ಇಲ್ಲ. ಜನ ಕೂತ ಕೂಡಲೇ ನಿದ್ದೆ ಮಾಡುತ್ತಾರೆ, ತಮ್ಮ ಸ್ಟಾಪು ಬಂದಾಗ ಯಾರೂ ಎಬ್ಬಿಸದೆ ಏಳುತ್ತಾರೆ. ಈ ವಿದ್ಯೆ ಹೇಗೆಂದು ನನಗೆ ಕೊನೆವರೆಗೂ ಗೊತ್ತಾಗಲಿಲ್ಲ. ನನ್ನ ಪಕ್ಕದ ಹುಡುಗಿಯೊಬ್ಬಳು ಮೂಗರಳಿಸಿ ಡಬ್ಬಿಯನ್ನು ನೋಡಿದಳು. ಕಾಯಿತುರಿಯ ಪರಿಮಳ. ಬಸ್ಸಿನಲ್ಲಿ ತಿನ್ನುವ ಹಾಗಿಲ್ಲವೆಂದು ಬೋರ್ಡು ಇತ್ತು, ಇಲ್ಲದಿದ್ದರೆ ಒಂದು ಚಮಚ ಕೊಡುತ್ತಿದ್ದೆ.

ಸ್ಟೇಷನ್ ಇದ್ದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಯಾರೂ ಇಳಿಯದಿದ್ದರೂ, ಹತ್ತದಿದ್ದರೂ ಬಾಗಿಲು ತೆರೆದು ಒಂದು ನಿಮಿಷ. ಅದರ ಮೇಲೆ ಆ ದಿನ ಎಲ್ಲೋ ಓಟದ ಸ್ಪರ್ಧೆ, ಎರಡು ರಸ್ತೆ ಮುಚ್ಚಿದ್ದರು. ಎಂಟಾಯಿತು. ಎಂಟೂವರೆಯಾಯಿತು. ಕಿಟಕಿಯ ಹೊರಗೆ ಕಾರುಗಳು ಒಂದರ ಹಿಂದೊಂದು, ಪ್ರತಿಯೊಂದರಲ್ಲೂ ಒಬ್ಬೊಬ್ಬರೇ, ನಮ್ಮಷ್ಟೇ ನಿಧಾನ.

ಶಾಲೆಗೆ ಹೋಗುವಾಗಲೂ ನನಗೆ ಹೀಗೆಯೇ ತಡವಾಗುತ್ತಿತ್ತು. ನಮ್ಮ ಬಸ್ಸು ಸಮಯಕ್ಕೆ ಬಂದ ದಿನ ಕಡಿಮೆ. ಆದರೆ ಸಿಸ್ಟರ್ ಬೆನಿಟಾರದ್ದು ಒಂದು ಕ್ರಮವಿತ್ತು. ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ತಡವಾಗಿ ಬಂದವಳಿಗೆ ಒಂದೇ ಪ್ರಶ್ನೆ, ಬಸ್ಸಾ, ಕಾರಾ? ಬಸ್ಸು ಎಂದರೆ ಪ್ರಾರ್ಥನೆಯ ನಡುವೆಯೂ ಒಳಗೆ ಬಿಡುತ್ತಿದ್ದರು. ಕಾರು ಎಂದರೆ ಮೊದಲನೇ ಪಿರಿಯಡ್ ಮುಗಿಯುವವರೆಗೆ ಜಗಲಿ. ಕ್ಲಾಸಿನಲ್ಲಿ ಕಾರಿನವಳು ಒಬ್ಬಳೇ, ಮರದ ವ್ಯಾಪಾರಿಯ ಮಗಳು. ಅವಳ ಅಪ್ಪ ಜಗಳಕ್ಕೆ ಬಂದಾಗ ಸಿಸ್ಟರ್ ಹೇಳಿದ್ದು ನಮ್ಮಲ್ಲಿ ಗಾದೆಯೇ ಆಗಿತ್ತು. ಕಾರು ನಿಮಗಾಗಿ ಕಾಯುತ್ತದೆ, ಬಸ್ಸಿಗಾಗಿ ಇವರು ಕಾಯುತ್ತಾರೆ, ಎರಡೂ ಒಂದೇ ಅಲ್ಲ.

ಒಂಬತ್ತೂಕಾಲಕ್ಕೆ ಬಸ್ಸಿನಿಂದ ಇಳಿದು, ಆಗ ತಾನೇ ಶುರುವಾಗಿದ್ದ ರೈಲು ಹತ್ತಿದೆ. ಅವಸರದಲ್ಲಿ ಎದುರಿಗೆ ಬಂದದ್ದಕ್ಕೆ ಹತ್ತಿದ್ದು. ನಾಲ್ಕನೇ ಸ್ಟೇಷನ್ನಿನಲ್ಲಿ ಹೊರಗೆ ನೋಡಿದರೆ ಬಸ್ಸಿನಿಂದ ಆಗಲೇ ಕಂಡಿದ್ದ ನೀಲಿ ಕಟ್ಟಡ. ಬಂದ ದಿಕ್ಕಿಗೇ ವಾಪಸು ಹೋಗುತ್ತಿದ್ದೆ. ಇಳಿದು ಆಚೆ ಬದಿಗೆ ಹೋಗಿ ಪುನಃ ಹತ್ತಿದೆ. ರೈಲು ಕನ್ನಡಿಯ ಹಾಗೆ ನುಣ್ಣಗೆ ಹೋಗುತ್ತದೆ, ದೂಡಲಿಕ್ಕೂ ಆಗುವುದಿಲ್ಲ, ಬೈಯಲಿಕ್ಕೂ ಯಾರೂ ಇಲ್ಲ. ಹತ್ತು ಗಂಟೆ ಹೊಡೆದಾಗ ನಾನು ಇನ್ನೂ ನೆಲದ ಕೆಳಗೆ ಇದ್ದೆ. ಡಬ್ಬಿ ತಣ್ಣಗಾಗಿತ್ತು.

ಮಠದ ಗೇಟು

ಹತ್ತೂ ಇಪ್ಪತ್ತೈದು. ಗೇಟಿನೊಳಗೆ ಬಿಳಿ ವ್ಯಾನು ನಿಂತಿತ್ತು. ಇಂಜಿನು ನಿಂತಿತ್ತು. ಡ್ರೈವರ್ ಮರದ ನೆರಳಿನಲ್ಲಿ ವಾಚು ನೋಡುತ್ತಿದ್ದ. ಫೋನ್ ಮಾಡಿದ್ದ ಕಿರಿಯ ಸಿಸ್ಟರ್ ನನ್ನ ಸೀರೆ ಕಂಡು ಬೇಗ ಬೇಗ ಬಂದರು. ಅರ್ಧ ಗಂಟೆಯಿಂದ ಸಿಸ್ಟರ್ ಬೆನಿಟಾ ಹೊರಡಲಿಕ್ಕೇ ಬಿಡುವುದಿಲ್ಲ, ವ್ಯಾನಿನ ಕೀ ಕೈಯಲ್ಲಿ ಹಿಡಿದು ಕೂತಿದ್ದಾರೆ ಎಂದರು.

ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಸಿಸ್ಟರ್ ಬೆನಿಟಾ. ಎಷ್ಟು ಸಣ್ಣಗಾಗಿದ್ದರು. ಕನ್ನಡಕದ ಹಿಂದಿನ ಕಣ್ಣು ಮಾತ್ರ ಅದೇ ಅಳತೆಯದ್ದು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಬಸ್ಸಾ, ಕಾರಾ?"

"ಬಸ್ಸು, ಸಿಸ್ಟರ್."

"ಹಾಗಾದರೆ ಒಳಗೆ ಬಾ."

ಹತ್ತಿ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಎಷ್ಟೆಲ್ಲ ಚಂದದ ವಾಕ್ಯ ಜೋಡಿಸಿದ್ದೆ, ಅವರೇ ಕಲಿಸಿದ ಇಂಗ್ಲಿಷಿನಲ್ಲಿ. ಒಂದೂ ಬಾಯಿಗೆ ಬರಲಿಲ್ಲ. "ಸಿಸ್ಟರ್, ಆ ದಿನ ನೀವು ಮನೆಗೆ ಬಂದದ್ದಕ್ಕೆ..." ಎಂದು ಕನ್ನಡದಲ್ಲಿ ಶುರುಮಾಡಿ ಅಲ್ಲಿಗೇ ನಿಂತೆ.

"ಸಣ್ಣವಳು ಈಗಲೂ ಮೇಜಿನ ಕೆಳಗೆ ಮಲಗ್ತಾಳಾ?"

"ಇಲ್ಲ ಸಿಸ್ಟರ್. ಶಿಶುವಿಹಾರದಲ್ಲಿ ಬೇರೆಯವರ ಮಕ್ಕಳನ್ನು ಮಲಗಿಸ್ತಾಳೆ."

ಅವರು ತಲೆಯಾಡಿಸಿದರು. ನನಗೂ ಅಷ್ಟೇ ಸಾಕಿತ್ತು. ಆದರೂ ಬಿಡದೆ, ಕೈ ಹಿಡಿದು, ಥ್ಯಾಂಕ್ಸ್ ಸಿಸ್ಟರ್ ಎಂದೆ. ಮೂವತ್ತೈದು ವರ್ಷ ತಡವಾಯಿತು ಎಂದೆ. ಅದೂ ಬಸ್ಸಿನಿಂದಲೇ ಆದದ್ದಾ ಎಂದು ಕೇಳಿದರು. ಡಬ್ಬಿ ತೆರೆದು, ಮೇಲಿನ ಬಜಿಲನ್ನು ಕೆಳಗಿನ ಸಜ್ಜಿಗೆಯೊಂದಿಗೆ ಸೇರಿಸಿ ನಾಲ್ಕು ಚಮಚ ತಿಂದರು. ಬೆಲ್ಲ ಸ್ವಲ್ಪ ಹೆಚ್ಚಾಗಿದೆ ಎಂದರು. ಉಳಿದದ್ದನ್ನು ದಾರಿಗೆ ಇಟ್ಟುಕೊಂಡು ಡ್ರೈವರನಿಗೆ ಕೀ ಕೊಟ್ಟರು. ನನ್ನ ಸ್ಟೀಲಿನ ಡಬ್ಬಿಯೂ ಮಲಾಕ್ಕಾಕ್ಕೆ ಹೋಯಿತು.

ಸಂಜೆಯ ಜಗಲಿ

ದಿನೇಶ ಬಂದದ್ದು ಮಧ್ಯಾಹ್ನದ ಮೇಲೆ. ಅವನು ಸುಮ್ಮನೆ ಕೂತಿರಲಿಲ್ಲ. ನಾನು ಬಸ್ಸಿನಲ್ಲಿ ಹೋದೆನೆಂದು ಕೇಳಿ, ದಾರಿಯಲ್ಲಾದರೂ ಹಿಡಿಯೋಣವೆಂದು ವ್ಯಾನು ತಿರುಗಿಸಿದ್ದ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ನನ್ನನ್ನು ಹುಡುಕಿ, ಓಟಗಾರರ ನಡುವೆ ಸಿಕ್ಕಿಬಿದ್ದು ಮಠ ಮುಟ್ಟುವಾಗ ಹನ್ನೊಂದೂಮುಕ್ಕಾಲು. ಗೇಟಿನ ಎದುರು ಆ ದಿನ ನಿಲ್ಲಿಸಲಿಕ್ಕೆ ಜಾಗವೂ ಇತ್ತಂತೆ. ಅದನ್ನು ಹೇಳುವಾಗ ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಒಂದು ಲೋಟ ಹೆಚ್ಚಿಗೆ ಚಹಾ ಕೊಟ್ಟೆ. ಶಶಿ ಮಾತ್ರ ಬಿಡಲಿಲ್ಲ. ಕಾನ್ವೆಂಟ್ ಎಂದು ನಾನು ಬರೆದ ಹಾಳೆಯನ್ನು ಅವನ ವ್ಯಾನಿಗೆ ಅಂಟಿಸಬೇಕೆಂದು ಹಟ ಹಿಡಿದಳು.

ಸಂಜೆ ರೊಕಿಯಾ ಅಜ್ಜಿ ನೀರು ಹಾಕಲಿಕ್ಕೆ ಹೊರಗೆ ಬಂದಾಗ ನಾನು ಜಗಲಿಯ ಕಟ್ಟೆಗೆ ಕೈಯೂರಿ ನಿಂತಿದ್ದೆ. ಕೆಳಗೆ ರೈಲು ಹೋಗುತ್ತಿತ್ತು, ಕಿಟಕಿಗಳಲ್ಲಿ ದೀಪ. ಎಲ್ಲವನ್ನೂ ಹೇಳಿದೆ, ವ್ಯಾನಿನ ಕೀಯಿಂದ ಬೆಲ್ಲದವರೆಗೆ. ಇನ್ನು ಅವರನ್ನು ನೋಡುವುದು ಈ ಜನ್ಮದಲ್ಲಿಲ್ಲ, ಮಲಾಕ್ಕಾ ಬೇರೆ ದೇಶ, ಅಷ್ಟು ದೂರಕ್ಕೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂದೆ.

ಅಜ್ಜಿ ಕರಿಬೇವಿನ ಕುಂಡಕ್ಕೆ ಬೆರಳು ಚುಚ್ಚಿ ನೋಡಿದರು. ತೇವ ಇತ್ತು.

"ಮಲಾಕ್ಕಾಕ್ಕೆ ಬಸ್ಸು ಉಂಟಲ್ಲ," ಎಂದು ಮುಂದಿನ ಕುಂಡಕ್ಕೆ ಹೋದರು.